ಮೇಲಿನ ಮನೆಯ ಹುಡುಗ ಕೊಟ್ಟ ಕ್ಯಾಸೆಟ್

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ವಿದೇಶಿ ಸಂಗೀತದ ಬಗ್ಗೆ ಬಂದ ಬರಹ ಓದಿದೆ. ಜಾಝ್ ಬಗ್ಗೆ, ರಾಕ್ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದವರು ರಾಕ್‌ನದೇ ಒರಟು, ವೇಗದ ಕವಲಾದ ಪಂಕ್ ಸಂಗೀತಕ್ಕೆ ಬಂದ ಕೂಡಲೇ ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಬಣ್ಣದ ಕೂದಲು, ಕಿರುಚಾಟ, ಕುಡಿತ, ನಾಲ್ಕು ದಿನದ ಹುಚ್ಚು ಎಂಬ ಅರ್ಥದ ಮಾತು. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. 1992ರಲ್ಲಿ ನನಗೂ ಹಾಗೇ ಅನಿಸಿತ್ತು. ಆದರೆ ನಾಲ್ಕು ದಿನ ಎಂದದ್ದು ತಪ್ಪು. 40 ವರ್ಷ ದಾಟಿದ ಮೇಲೂ ಹಾಡುತ್ತಿರುವ ಒಂದು ಪಂಕ್ ತಂಡ ನನಗೆ ಗೊತ್ತು. ಜರ್ಮನಿಯ ಡ್ಯೂಸೆಲ್‌ಡಾರ್ಫಿನವರು. ಹೆಸರು ಡೀ ಟೋಟೆನ್ ಹೋಸೆನ್. ಅವರ ಬಗ್ಗೆ ಒಂದು ಮಾತೂ ಇಲ್ಲದೆ ಪಂಕ್ ಕಥೆ ಮುಗಿದದ್ದು ನನಗೆ ನಿಜಕ್ಕೂ ಬೇಜಾರಾಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಕತ್ತರಿಸಬೇಡಿ.

ನಾನು ಮದುವೆಯಾಗಿ 1991ರಲ್ಲಿ ಡ್ಯೂಸೆಲ್‌ಡಾರ್ಫಿಗೆ ಹೋದೆ. ನಮ್ಮವರಿಗೆ ಅಲ್ಲಿ ಎಂಜಿನಿಯರ್ ಕೆಲಸ. ಬಿಲ್ಕ್ ಎಂಬ ಬಡಾವಣೆಯಲ್ಲಿ ಬಾಡಿಗೆ ಮನೆ. ಅವರು ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ನನಗೆ ಭಾಷೆ ಬಾರದು. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳಲೂ ಬಾರದು. ಮೇಲಿನ ಮನೆಯಲ್ಲಿ ಒಬ್ಬ ತಾಯಿ, ಒಬ್ಬ ಮಗ. ಹುಡುಗನಿಗೆ 15 ವರ್ಷ. ಶಾಲೆಯಿಂದ ಬಂದವನೇ ಟೇಪ್ ಹಾಕುತ್ತಿದ್ದ. ನಮ್ಮ ಅಡುಗೆಮನೆಯ ಸೀಲಿಂಗಿನಿಂದ ನೇತುಬಿಟ್ಟ ದೀಪ ಅಲುಗುತ್ತಿತ್ತು. ಅಲ್ಲಿ ರಾತ್ರಿ 10ರ ಮೇಲೆ ಸದ್ದು ಮಾಡಬಾರದು. ಭಾನುವಾರ ಗೋಡೆಗೆ ಒಂದು ಮೊಳೆ ಹೊಡೆದರೂ ಪಕ್ಕದವರು ಬಂದು ಬಾಗಿಲು ತಟ್ಟುತ್ತಾರೆ. ಹುಡುಗ 10ಕ್ಕೆ ಸರಿಯಾಗಿ ನಿಲ್ಲಿಸುತ್ತಿದ್ದ. ಅಲ್ಲಿಯವರೆಗೆ ಮಾತ್ರ ಬಿಡುತ್ತಿರಲಿಲ್ಲ.

ಒಂದು ದಿನ ಡಿಕ್ಷನರಿ ಇಟ್ಟುಕೊಂಡು ನಾಲ್ಕು ಸಾಲಿನ ಚೀಟಿ ಬರೆದೆ. ಸದ್ದು ಸ್ವಲ್ಪ ಕಮ್ಮಿ ಮಾಡಿ, ತಲೆ ನೋಯುತ್ತದೆ ಅಂತ. ಅವರ ಬಾಗಿಲಿನ ಸಂದಿಯಲ್ಲಿ ತೂರಿಸಿ ಓಡಿ ಬಂದೆ. ಸಂಜೆ ಬೆಲ್ ಆಯಿತು. ಬಾಗಿಲು ತೆರೆದರೆ ಹುಡುಗ ನಿಂತಿದ್ದಾನೆ. ಕೈಯಲ್ಲಿ ಒಂದು ಕ್ಯಾಸೆಟ್, ನಾಲ್ಕು ಹಾಳೆ. ಲೆಕ್ಕದ ಪುಸ್ತಕದಿಂದ ಹರಿದ ಚೌಕುಳಿ ಹಾಳೆ. ಅದರಲ್ಲಿ ನೀಲಿ ಶಾಯಿಯಲ್ಲಿ ಹಾಡಿನ ಮಾತುಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದಿದ್ದ. ಕ್ಷಮಿಸಿ ಎಂದ. ಮಾತು ಅರ್ಥವಾದರೆ ಗಲಾಟೆ ಕಮ್ಮಿ ಅನಿಸುತ್ತದೆ ಎಂದ. ಅವನು ಹೇಳಿದ್ದು ಅರ್ಥವಾಗಲು ನನಗೆ ಮತ್ತೆ ಡಿಕ್ಷನರಿಯೇ ಬೇಕಾಯಿತು.

ಹೀಗೆ ನಾನು ಜರ್ಮನ್ ಕಲಿತೆ. ಸಂಜೆ ಕ್ಲಾಸಿಗೂ ಸೇರಿದ್ದೆ. ಆದರೆ ಕಿವಿ ಪಳಗಿದ್ದು ಈ ಕ್ಯಾಸೆಟ್ಟಿನಿಂದಲೇ. ಹಾಡುವವನ ಹೆಸರು ಕಾಂಪಿನೋ. ಅದು ಅಡ್ಡಹೆಸರು, ಅಲ್ಲಿನ ಒಂದು ಮಿಠಾಯಿಯ ಹೆಸರು. ನಿಜವಾದ ಹೆಸರು ಆಂಡ್ರೆಯಾಸ್ ಫ್ರೇಗೆ. ತಾಯಿ ಇಂಗ್ಲೆಂಡಿನವರು, ತಂದೆ ಜರ್ಮನ್ ನ್ಯಾಯಾಧೀಶರು. ಅವನ ಗಂಟಲು ಇಂಪಾದ ಗಂಟಲಲ್ಲ. ಒರಟು. ಶ್ರುತಿಯ ಬಗ್ಗೆ ಅವನಿಗೆ ದೊಡ್ಡ ಚಿಂತೆಯೂ ಇಲ್ಲ. ಆದರೆ ಮಾತನ್ನು ನುಂಗುವುದಿಲ್ಲ. ಎಷ್ಟು ಜೋರಾಗಿ ಹಾಡಿದರೂ ಪದದ ಕೊನೆಯ ಅಕ್ಷರ ಕೇಳಿಸುತ್ತದೆ. ಎರಡು ಗಿಟಾರು, ಒಂದು ಬೇಸ್, ಡ್ರಮ್ಸ್, ಅಷ್ಟೇ. ಪಲ್ಲವಿ ಬಂದಾಗ ಎಲ್ಲರೂ ಸೇರಿ ಹಾಡುತ್ತಾರೆ. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುವುದಿಲ್ಲವೇ, ಆ ಥರ. ಹಾಡು ಬಾರದವರಿಗೂ ಅಲ್ಲಿ ಜಾಗ ಇದೆ.

ತಂಡದ ಹೆಸರು ಕೇಳಿ ನನ್ನ ವಿದ್ಯಾರ್ಥಿಗಳು ಈಗಲೂ ನಗುತ್ತಾರೆ. ಹೋಸೆ ಎಂದರೆ ಪ್ಯಾಂಟು. ಟೋಟ್ ಎಂದರೆ ಸತ್ತ. ಸತ್ತ ಪ್ಯಾಂಟುಗಳು! ಆದರೆ ಜರ್ಮನ್ನರ ಆಡುಮಾತಿನಲ್ಲಿ ಟೋಟೆ ಹೋಸೆ ಅಂದರೆ ನಾವು ಬಿಕೋ ಅನ್ನುತ್ತಿದೆ ಅನ್ನುತ್ತೇವಲ್ಲ, ಅದು. ಏನೂ ನಡೆಯದ ಊರು, ಯಾರೂ ಬಾರದ ಸಂಜೆ. ರಾಟಿಂಗರ್ ಹೋಫ್ ಎಂಬ ಪಬ್ಬಿನಲ್ಲಿ ಸೇರುತ್ತಿದ್ದ ಹುಡುಗರು 1982ರಲ್ಲಿ ಈ ತಂಡ ಕಟ್ಟಿದರು. ಕಾಂಪಿನೋ, ಗಿಟಾರಿಗೆ ಕುಡ್ಡೆಲ್ ಮತ್ತು ಬ್ರೈಟಿ, ಬೇಸಿಗೆ ಆಂಡಿ. ಡ್ರಮ್ಸಿಗೆ ಟ್ರಿನಿ. ಆ ವರ್ಷದ ಈಸ್ಟರ್ ಹಬ್ಬಕ್ಕೆ ಬ್ರೇಮೆನ್ ಊರಿನಲ್ಲಿ ಮೊದಲ ಕಛೇರಿ. ಪೋಸ್ಟರಿನಲ್ಲಿ ಹೋಸೆನ್ ಹೋಗಿ ಹಾಸೆನ್ ಎಂದು ಅಚ್ಚಾಗಿತ್ತು. ಹಾಸೆನ್ ಎಂದರೆ ಮೊಲಗಳು. ಮರುವರ್ಷ ಮೊದಲ ಆಲ್ಬಂ, ಓಪೆಲ್ ಗ್ಯಾಂಗ್. ಆ ಕಾಲದ ಹಾಡುಗಳಲ್ಲಿ ಕುಡಿತದ ಮಾತು ಜಾಸ್ತಿ. ಅವು ನನಗೆ ಇವತ್ತಿಗೂ ಹಿಡಿಸುವುದಿಲ್ಲ, ಕ್ಲಾಸಿನಲ್ಲಿ ಹಾಕುವುದೂ ಇಲ್ಲ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

1992ರ ಆಗಸ್ಟಿನಲ್ಲಿ ರಾಸ್ಟಾಕ್ ಊರಿನಲ್ಲಿ ವಿಯೆಟ್ನಾಮಿನ ಕೆಲಸಗಾರರಿದ್ದ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ರಸ್ತೆಯಲ್ಲಿ ನಿಂತವರು ಚಪ್ಪಾಳೆ ತಟ್ಟಿದ್ದನ್ನು ಟಿವಿಯಲ್ಲಿ ನೋಡಿದೆವು. ನವೆಂಬರಿನಲ್ಲಿ ಮೊಲ್ನ್ ಎಂಬಲ್ಲಿ ತುರ್ಕಿ ಕುಟುಂಬಗಳ ಮನೆಗೆ ಬೆಂಕಿ ಹಾಕಿದರು. ಮೂವರು ಹೋದರು, ಅದರಲ್ಲಿ ಇಬ್ಬರು ಚಿಕ್ಕ ಹುಡುಗಿಯರು. 1993ರ ಮೇ 29ರ ಬೆಳಗಿನ ಜಾವ ಜೋಲಿಂಗನ್‌ನಲ್ಲಿ ಮತ್ತೊಂದು ತುರ್ಕಿ ಮನೆ. ಐದು ಮಂದಿ ಹೆಂಗಸರು, ಮಕ್ಕಳು ಪ್ರಾಣ ಬಿಟ್ಟರು. ಜೋಲಿಂಗನ್ ನಮ್ಮ ಮನೆಯಿಂದ ದೂರವೇನಲ್ಲ, ರೈಲಿನಲ್ಲಿ ಅರ್ಧ ಗಂಟೆ. ನಾನಾಗ ಏಳು ತಿಂಗಳ ಬಸುರಿ. ಆ ವಾರ ಇಡೀ ನಾನು ಬಕೆಟ್ಟಿನಲ್ಲಿ ನೀರು ತುಂಬಿ ಬಾಗಿಲ ಪಕ್ಕ ಇಟ್ಟು ಮಲಗುತ್ತಿದ್ದೆ. ನಮ್ಮವರು ಅದನ್ನು ನೋಡಿದರೂ ಏನೂ ಕೇಳಲಿಲ್ಲ. ಬೆಳಿಗ್ಗೆ ಅವರೇ ಆ ನೀರನ್ನು ಗಿಡಕ್ಕೆ ಹಾಕುತ್ತಿದ್ದರು.

ಇದರ ನಡುವೆ, 1992ರ ಕೊನೆಯಲ್ಲಿ, ಹೋಸೆನ್ ತಂಡದ ಒಂದು ಹಾಡು ಬಂದಿತ್ತು. ಸಾಷಾ, ಒಬ್ಬ ನೆಟ್ಟಗಿನ ಜರ್ಮನ್ ಎಂದು ಅದರ ಹೆಸರು. ಕೆಲಸವಿಲ್ಲದ ಒಬ್ಬ ಹುಡುಗ, ತಾನು ಜರ್ಮನ್ ಎಂಬುದೊಂದೇ ಅವನ ಬಂಡವಾಳ. ಆಶ್ರಯ ಕೇಳಿ ಬಂದವರ ಮನೆಗೆ ಹೋಗಿ ಕಿಟಕಿ ಗಾಜು ಒಡೆಯುತ್ತಾನೆ. ಅವನನ್ನು ಹೊಗಳುವ ಹಾಗೆ ಹಾಡುತ್ತಾ ಹಾಡುತ್ತಾ ಅವನ ಮಾನ ಹರಾಜು ಹಾಕುತ್ತಾರೆ. ರಾಗ ಮಕ್ಕಳ ಪದ್ಯದ ಥರ ಕುಣಿಯುತ್ತದೆ. ರೇಡಿಯೋದಲ್ಲಿ ಬಂತು. ಅಂಗಡಿಯಲ್ಲಿ ಕೇಳಿತು. ವಿದೇಶಿಯರನ್ನು ವಿರೋಧಿಸುತ್ತಿದ್ದ ರಿಪಬ್ಲಿಕಾನರ್ ಪಕ್ಷದವರು ಕಾನೂನಿನ ಮೂಲಕ ಆ ಹಾಡನ್ನು ನಿಲ್ಲಿಸಲು ನೋಡಿದರು, ಆಗಲಿಲ್ಲ. ಹಾಡಿನಿಂದ ಬಂದ ದುಡ್ಡನ್ನು ತಂಡದವರು ಡ್ಯೂಸೆಲ್‌ಡಾರ್ಫಿನಲ್ಲಿ ಜನಾಂಗದ್ವೇಷದ ವಿರುದ್ಧ ಕೆಲಸ ಮಾಡುತ್ತಿದ್ದವರಿಗೆ ಕೊಟ್ಟರು.

ಒಂದು ಹಾಡಿನಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ಬೆಂಕಿ ಹಾಕುವವರ ಕೈ ಅದರಿಂದ ನಿಲ್ಲಲಿಲ್ಲ. ಜೋಲಿಂಗನ್ ಆದದ್ದು ಆ ಹಾಡು ಬಂದ ಮೇಲೆಯೇ. ನಾನು ನನ್ನದನ್ನು ಮಾತ್ರ ಹೇಳಬಲ್ಲೆ. ಜೋಲಿಂಗನ್ ಸುದ್ದಿ ಬಂದ ಮರುದಿನ ಸಂಜೆ ಮೇಲಿನ ಮನೆಯಲ್ಲಿ ಆ ಹಾಡು ಶುರುವಾಯಿತು. ಮತ್ತೆ ಮತ್ತೆ, ಅದೇ ಹಾಡು. ಕಿಟಕಿ ಪೂರ್ತಿ ತೆರೆದು, ರಸ್ತೆಗೆಲ್ಲ ಕೇಳುವ ಹಾಗೆ ಹಾಕಿದ್ದ. ನಮ್ಮ ದೀಪ ಅಲುಗುತ್ತಿತ್ತು. ನಾನು ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಅದರ ಕೆಳಗೇ ಕೂತೆ. ಮೇಲೆ ಒಬ್ಬ ಹುಡುಗ ನಮ್ಮ ಪರವಾಗಿ ಇದ್ದಾನೆ, ಅವನ ಹಿಂದೆ ಅವನಂಥ ಸಾವಿರಾರು ಹುಡುಗರಿದ್ದಾರೆ ಅನಿಸಿತು. ಆ ದಿನ 10 ಗಂಟೆಯಾದರೂ ಅವನು ನಿಲ್ಲಿಸಲಿಲ್ಲ. ಆ ಕಟ್ಟಡದಲ್ಲಿ ಯಾರೂ ಹೋಗಿ ಬಾಗಿಲು ತಟ್ಟಲಿಲ್ಲ.

ಇದನ್ನು ಕಿರುಚಾಟ ಎಂದರೆ ನಾನು ಹೇಗೆ ಒಪ್ಪಲಿ?

ಅವರು ಹೀಗೆ ನಿಂತದ್ದು ಅದೇ ಮೊದಲಲ್ಲ. 1983ರಲ್ಲಿ, ಬರ್ಲಿನ್ ಗೋಡೆ ಇನ್ನೂ ಇದ್ದಾಗ, ಒಂದು ದಿನದ ಪ್ರವಾಸಿಗಳ ಹಾಗೆ ಗಡಿ ದಾಟಿ ಕಮ್ಯುನಿಸ್ಟ್ ಆಡಳಿತದ ಪೂರ್ವ ಬರ್ಲಿನ್ನಿಗೆ ಹೋಗಿ ಒಂದು ಚರ್ಚಿನೊಳಗೆ ಗುಟ್ಟಾಗಿ ಹಾಡಿ ಬಂದಿದ್ದರು. ವಾದ್ಯ ತೆಗೆದುಕೊಂಡು ಹೋಗುವ ಹಾಗಿಲ್ಲ. ಅಲ್ಲಿನ ಪಂಕ್ ಹುಡುಗರ ವಾದ್ಯಗಳನ್ನೇ ಕಡ ತಗೊಂಡು ಬಾರಿಸಿದರು. ಕೇಳಲು ಬಂದವರು ಬೆರಳೆಣಿಕೆಯಷ್ಟು ಮಂದಿ. ಸಿಕ್ಕಿಬಿದ್ದಿದ್ದರೆ ಹೆಚ್ಚು ತೊಂದರೆಯಾಗುತ್ತಿದ್ದುದು ಅಲ್ಲಿನ ಹುಡುಗರಿಗೆ. 1988ರಲ್ಲಿ ಮತ್ತೆ ಹೋದರು. ಊರಿನ ಫುಟ್‌ಬಾಲ್ ತಂಡ ಫೋರ್ಟುನಾಗೆ ಆಟಗಾರನನ್ನು ಕೊಳ್ಳಲು ದುಡ್ಡಿಲ್ಲದಾಗ ತಮ್ಮ ಕಛೇರಿಯ ಟಿಕೆಟ್ಟಿಗೆ ಒಂದು ಮಾರ್ಕ್ (ಆಗಿನ ಜರ್ಮನ್ ಹಣ) ಜಾಸ್ತಿ ಸೇರಿಸಿ ಆಂಟನಿ ಬಾಫೋ ಎಂಬ ಘಾನಾ ಮೂಲದ ಆಟಗಾರನಿಗಾಗಿ ಹಣ ಕೂಡಿಸಿಕೊಟ್ಟರು. ಅರ್ಜೆಂಟೀನಾದಲ್ಲಿ ಅವರಿಗೆ ದೊಡ್ಡ ಅಭಿಮಾನಿ ಬಳಗವೇ ಇದೆ. ಅಭಿಮಾನಿಗಳು ಕಾಗದ ಬರೆದು ಕರೆದರೆ ಅವರ ಮನೆಯ ಹಾಲಿನಲ್ಲೇ ಹೋಗಿ ಹಾಡುವ ಪ್ರವಾಸಗಳನ್ನೂ ಮಾಡಿದ್ದಾರೆ, ಸ್ಟೇಡಿಯಂ ತುಂಬಿಸುವಷ್ಟು ದೊಡ್ಡವರಾದ ಮೇಲೂ.

1997ರ ಜೂನ್ 28. ಅವರ ಸಾವಿರದ ಕಛೇರಿ. ಊರಿನ ರೈನ್ ಸ್ಟೇಡಿಯಂ ಭರ್ತಿ. ನಮ್ಮ ಮೇಲಿನ ಮನೆಯ ಹುಡುಗನಿಗೆ ಆಗ 20 ವರ್ಷ, ಅವನೂ ಹೋಗಿದ್ದ. ವೇದಿಕೆಯ ಮುಂದಿನ ನೂಕುನುಗ್ಗಲಿನಲ್ಲಿ ನೆದರ್ಲೆಂಡ್ಸಿನಿಂದ ಬಂದಿದ್ದ 16 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಕಛೇರಿ ನಡುವೆ ನಿಂತಿತು. ಒಮ್ಮೆಲೇ ಮುಗಿಸಿದರೆ ಜನ ಗಾಬರಿಯಾಗಿ ಓಡಿ ಇನ್ನೂ ಅನಾಹುತವಾದೀತು, ಹಾಡುತ್ತಾ ಹೋಗಿ ಎಂದು ಭದ್ರತೆಯವರು ಹೇಳಿದರು. ಗೊತ್ತಿದ್ದೂ ಹಾಡಬೇಕಾಯಿತು. ಆ ರಾತ್ರಿ ಮೊಬೈಲ್ ಎಲ್ಲಿತ್ತು? ಮೇಲಿನ ಮನೆಯಾಕೆ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಚಹಾ ಮಾಡಿ ತಂದು ಪಕ್ಕದಲ್ಲಿ ಕೂತೆ. ಇಬ್ಬರೂ ಕುಡಿಯಲಿಲ್ಲ. ಎರಡು ಗಂಟೆಗೆ ಕೆಳಗಿನ ಬಾಗಿಲು ಸದ್ದಾಯಿತು. ಹುಡುಗ ಬಂದ. ತಾಯಿಯನ್ನು ನೋಡಿ ಮೆಟ್ಟಿಲಲ್ಲೇ ಕುಸಿದು ಕೂತು ಅತ್ತ. ಮುಂದೆ ಎಷ್ಟೋ ದಿನ ಆ ಮನೆಯಿಂದ ಒಂದು ಹಾಡೂ ಕೇಳಲಿಲ್ಲ.

ತಂಡವೂ ಮುಂದಿನ ಕಾರ್ಯಕ್ರಮಗಳನ್ನು ಕೈಬಿಟ್ಟಿತು. ಅಲ್ಲಿಗೇ ಎಲ್ಲ ಮುಗಿಸಬಹುದಿತ್ತು. ಮುಗಿಸಲಿಲ್ಲ. ಆದರೆ ಅದರ ಮೊದಲು ಮತ್ತು ಆಮೇಲಿನ ಹಾಡುಗಳನ್ನು ಒಟ್ಟಿಗೆ ಕೇಳಿ ನೋಡಿ. ಗಂಟಲು ಅದೇ, ಆದರೆ ಹಾಡುವವನು ಬೇರೆಯಾಗಿದ್ದಾನೆ. 2002ರಲ್ಲಿ ಬಂದ ನೂರ್ ತ್ಸು ಬೆಸೂಖ್ ಎಂಬ ಹಾಡು ತೀರಿಹೋದ ತಾಯಿಯ ಸಮಾಧಿಗೆ ಹೋಗಿ ಕೂತು ಮಾತಾಡುವ ಮಗನ ಹಾಡು. ಸುಮ್ನೆ ನೋಡಿ ಹೋಗೋಣ ಅಂತ ಬಂದೆ ಎನ್ನುವ ಹಾಗೆ ಅದರ ಹೆಸರು. ನನ್ನ ಅಮ್ಮ ತೀರಿಕೊಂಡ ವರ್ಷ ಅದನ್ನು ನಾನು ದಿನಾ ಕೇಳಿದ್ದೇನೆ. ಅಮ್ಮನಿಗೆ ಸಮಾಧಿ ಇಲ್ಲ. ನೇತ್ರಾವತಿಯಲ್ಲಿ ಬಿಟ್ಟೆವು. ಪಾಣೆಮಂಗಳೂರಿನ ಸೇತುವೆ ದಾಟುವಾಗ ಬಸ್ಸಿನಲ್ಲಿ ಕಿವಿಗೆ ಆ ಹಾಡು ಹಾಕಿಕೊಳ್ಳುತ್ತಿದ್ದೆ.

ಸಮಾಧಿ ಎಂದಾಗ ನೆನಪಾಯಿತು. ಈ ತಂಡದವರು ಡ್ಯೂಸೆಲ್‌ಡಾರ್ಫಿನ ದಕ್ಷಿಣ ಸ್ಮಶಾನದಲ್ಲಿ ತಮಗೆಲ್ಲ ಸೇರಿ ಒಂದೇ ಜಾಗ ತೆಗೆದಿಟ್ಟುಕೊಂಡಿದ್ದಾರೆ. 17 ಮಂದಿಗೆ ಜಾಗ. ತಂಡದವರಿಗೆ, ಜೊತೆಗೆ ಹತ್ತಿರದ ಗೆಳೆಯರಿಗೆ. 2015ರಲ್ಲಿ ಅವರ ಮ್ಯಾನೇಜರ್ ಯೋಖನ್ ಹುಲ್ಡರ್ ತೀರಿಕೊಂಡರು. ಮರುವರ್ಷ ವೊಲ್ಲಿ. ವೊಲ್ಲಿ 1986ರಿಂದ 1999ರವರೆಗೆ ಅವರ ಡ್ರಮ್ಸ್ ಬಾರಿಸಿದವರು. ಆರೋಗ್ಯ ಕೆಟ್ಟು ಬಿಡಬೇಕಾಯಿತು. ಅವರ ಜಾಗಕ್ಕೆ ಇಂಗ್ಲೆಂಡಿನ ವಾಮ್ ರಿಚಿ ಬಂದರು. ಬಿಟ್ಟು ಹೋದವರನ್ನು ತಂಡ ಮರೆಯಲಿಲ್ಲ. ಇಬ್ಬರೂ ಈಗ ಆ ಜಾಗದಲ್ಲೇ ಇದ್ದಾರೆ. ಅಣ್ಣತಮ್ಮಂದಿರು ಒಂದು ಬಾವಿಯ ನೀರಿಗೆ ಕೋರ್ಟು ಹತ್ತುವುದನ್ನು ನೋಡಿ ಬೆಳೆದವಳು ನಾನು. ಪಬ್ಬಿನಲ್ಲಿ ಸಿಕ್ಕ ನಾಲ್ಕು ಹುಡುಗರು, ಕಾಂಪಿನೋ, ಕುಡ್ಡೆಲ್, ಬ್ರೈಟಿ, ಆಂಡಿ, 1982ರಿಂದ ಇವತ್ತಿನವರೆಗೆ ಬಿಟ್ಟು ಹೋಗದೆ ಒಟ್ಟಿಗಿದ್ದಾರೆ. ಹೋಗುವಾಗಲೂ ಒಂದೇ ಕಡೆ ಹೋಗುತ್ತೇವೆ ಅಂದುಕೊಂಡಿದ್ದಾರೆ. ನಾಲ್ಕು ದಿನದ ಹುಚ್ಚು ಇದಲ್ಲ.

ಅವರ ಮೇಲೆ ದೂರೂ ಇದೆ. ಹಳೆಯ ಪಂಕ್‌ಗಳು ಇವರು ಮಾರಿಕೊಂಡರು, ಶ್ರೀಮಂತರಾದರು ಎನ್ನುತ್ತಾರೆ. 2012ರ ಟಾಗೆ ವೀ ಡೀಸೆ ಎಂಬ ಹಾಡು ಬಂದ ಮೇಲಂತೂ ಆ ಮಾತು ಜಾಸ್ತಿಯಾಯಿತು. ಮದುವೆಯಲ್ಲಿ, ಫುಟ್‌ಬಾಲ್ ಮೈದಾನದಲ್ಲಿ, ಎಲ್ಲೆಂದರಲ್ಲಿ ಅದೇ ಹಾಡು. 2013ರ ಚುನಾವಣೆ ಗೆದ್ದ ರಾತ್ರಿ ಆಗಿನ ಚಾನ್ಸಲರ್ ಅಂಗೆಲಾ ಮರ್ಕೆಲ್ ಅವರ ಪಕ್ಷದ ಮುಖಂಡರು ವೇದಿಕೆ ಮೇಲೆ ಅದನ್ನೇ ಹಾಡಿ ಕುಣಿದರು. ತಂಡಕ್ಕೆ ಅದು ಇಷ್ಟವಾಗಿರಲಿಲ್ಲ. ಆಮೇಲೆ ಮರ್ಕೆಲ್ ತಾವೇ ಕಾಂಪಿನೋಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಆ ಹಾಡು ಸ್ವಲ್ಪ ಜಾಸ್ತಿ ನುಣುಪು ಅಂತ ನನಗೂ ಅನಿಸುತ್ತದೆ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. 1938ರಲ್ಲಿ ನಾಜಿಗಳು ಡ್ಯೂಸೆಲ್‌ಡಾರ್ಫಿನಲ್ಲೇ ಕೆಟ್ಟ ಸಂಗೀತ ಎಂದು ಒಂದು ಪ್ರದರ್ಶನ ಇಟ್ಟಿದ್ದರು. ಯಹೂದಿ ಸಂಗೀತಗಾರರನ್ನು, ಜಾಝ್ ಬಾರಿಸುವವರನ್ನು ಅವಮಾನ ಮಾಡಲು. ಅದಕ್ಕೆ 75 ವರ್ಷವಾದಾಗ ಹೋಸೆನ್ ತಂಡ ಊರಿನ ಸಂಗೀತ ಕಾಲೇಜಿನ ವಿದ್ಯಾರ್ಥಿಗಳ ಆರ್ಕೆಸ್ಟ್ರಾ ಜೊತೆ ಸೇರಿ, ಟೋನ್‌ಹಾಲೆ ಸಭಾಂಗಣದಲ್ಲಿ, ಅಂದು ನಿಷೇಧವಾದವರ ಸಂಗೀತವನ್ನು ನುಡಿಸಿತು. ಹಾಗೆ ನಿಷೇಧವಾಗಿದ್ದ ಸಂಗೀತ ರಚನಕಾರ ಶೋನ್‌ಬರ್ಗ್ ಅವರ ಕೃತಿಯೊಂದರಲ್ಲಿ, ವಾರ್ಸಾದಲ್ಲಿ ನಾಜಿಗಳ ಕೈಯಿಂದ ಬದುಕಿ ಉಳಿದವನ ಮಾತುಗಳನ್ನು ಕಾಂಪಿನೋ ಹೇಳಿದ. ಹಾಡಲಿಲ್ಲ, ಮಾತಾಡಿದ. ಹಣ ಮಾಡುವುದೇ ಗುರಿಯಾಗಿದ್ದವರು ಇದನ್ನೆಲ್ಲ ಮಾಡುತ್ತಾರಾ?

ನಾವು 1999ರಲ್ಲಿ ಊರಿಗೆ ಬಂದೆವು. ಈಗ ನಾನು ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿಯರಿಗೆ ಜರ್ಮನ್ ಹೇಳಿಕೊಡುತ್ತೇನೆ. ಬೆಳ್ತಂಗಡಿ, ಪುತ್ತೂರು, ಕಾರ್ಕಳದಿಂದ ಬರುತ್ತಾರೆ. ಅಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕು. ಅವರಿಗೆ ಕಷ್ಟವಾಗುವುದು ವಿಭಕ್ತಿ. ನಾನು ಆ ನುಣುಪಾದ ಹಾಡನ್ನೇ ಹಾಕುತ್ತೇನೆ. ಟಾಗೆ ವೀ ಡೀಸೆ, ಇಂಥ ದಿನಗಳು. ಇದು ಹೆಸರು. ಹಾಡಿನೊಳಗೆ ಆನ್ ಎಂಬ ಪದ ಮುಂದೆ ಬಂದ ಕೂಡಲೇ ಟಾಗೆ ಹೋಗಿ ಟಾಗೆನ್, ಡೀಸೆ ಹೋಗಿ ಡೀಸೆನ್. ನಮ್ಮಲ್ಲಿ ದಿನಗಳು ಎನ್ನುವುದು ದಿನಗಳಲ್ಲಿ ಆಗುತ್ತದಲ್ಲ, ಹಾಗೆ. ನಮ್ಮಲ್ಲಿ ಇಂಥ ಎಂಬುದು ಇದ್ದ ಹಾಗೇ ಇರುತ್ತದೆ, ಅವರಲ್ಲಿ ಅದೂ ಬದಲಾಗುತ್ತದೆ. ನಾಲ್ಕು ಸಲ ಹಾಡಿದರೆ ಸಾಕು, ಆ ನಕಾರ ನಾಲಿಗೆಯಿಂದ ಹೋಗುವುದಿಲ್ಲ. ಪರೀಕ್ಷೆ ಬರೆಯುವಾಗ ಮನಸ್ಸಿನಲ್ಲೇ ಹಾಡಿಕೊಂಡೆ ಟೀಚರ್ ಎಂದು ಒಬ್ಬಳು ಹೇಳಿದ್ದಳು.

ಪ್ರತಿ ಬ್ಯಾಚಿನಲ್ಲೂ ಒಬ್ಬಳು ಕ್ಲಾಸ್ ಮುಗಿದ ಮೇಲೆ ಹಿಂದೆ ಉಳಿಯುತ್ತಾಳೆ. ಬ್ಯಾಗಿನ ಪಟ್ಟಿ ಎಳೆಯುತ್ತಾ ನಿಲ್ಲುತ್ತಾಳೆ. "ಟೀಚರ್, ನಮ್ಮ ಬಣ್ಣ ನೋಡಿ ಅಲ್ಲಿ ಏನಾದ್ರೂ ಮಾಡ್ತಾರಾ?" ಯಾರೋ ಏನೋ ವಿಡಿಯೋ ಕಳಿಸಿರುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ. ಜೋಲಿಂಗನ್ ವಿಷಯವನ್ನೂ ಹೇಳುತ್ತೇನೆ. ಆಮೇಲೆ 2018ರ ಕೆಮ್ನಿಟ್ಸ್ ಊರಿನ ವಿಡಿಯೋ ತೋರಿಸುತ್ತೇನೆ. ಆ ಆಗಸ್ಟಿನ ಕೊನೆಯಲ್ಲಿ ಅಲ್ಲಿ ಒಂದು ಕೊಲೆಯಾಗಿ, ಅದನ್ನೇ ನೆಪ ಮಾಡಿಕೊಂಡು ಬಲಪಂಥೀಯ ಗುಂಪುಗಳು ಬೀದಿಗಿಳಿದಿದ್ದವು. ವಿದೇಶಿಯರ ಮೇಲೆ ದಾಳಿಗಳಾದವು. ಒಂದು ವಾರ ಕಳೆದು, ಸೆಪ್ಟೆಂಬರ್ 3ಕ್ಕೆ, ಅದೇ ಊರಿನಲ್ಲಿ ಉಚಿತ ಸಂಗೀತ ಕಾರ್ಯಕ್ರಮವಾಯಿತು. ನಾವೇ ಜಾಸ್ತಿ ಇದ್ದೇವೆ ಎಂಬುದೇ ಅದರ ಘೋಷಣೆ. 65,000 ಜನ ಬಂದರು. ಹಾಡಿದವರಲ್ಲಿ ಹೆಚ್ಚಿನವರು ಎಳೆಯರು. ಅವರ ನಡುವೆ 56 ವರ್ಷದ ಕಾಂಪಿನೋ, ಅವನ ತಂಡ. ಹುಡುಗಿಯರು ಆ ಜನಸಾಗರವನ್ನು ನೋಡುತ್ತಾ ನಿಲ್ಲುತ್ತಾರೆ. ಕೆಲವರು ಎರಡನೇ ಸಲ ಹಾಕಲು ಹೇಳುತ್ತಾರೆ.

ಸಂಪಾದಕರೇ, 2024ರಲ್ಲಿ ಡ್ಯೂಸೆಲ್‌ಡಾರ್ಫಿನ ವಿಶ್ವವಿದ್ಯಾಲಯ ಕಾಂಪಿನೋನನ್ನು ಅತಿಥಿ ಪ್ರಾಧ್ಯಾಪಕನನ್ನಾಗಿ ಕರೆಯಿತು. ಕಾವ್ಯದ ಬಗ್ಗೆ, ದಿನದ ಬದುಕಿಗೆ ಒದಗುವ ಪದ್ಯಗಳ ಬಗ್ಗೆ ಅವನು ಉಪನ್ಯಾಸ ಕೊಟ್ಟ. ಅಷ್ಟು ದೊಡ್ಡ ಪಟ್ಟವನ್ನು ನಿಮ್ಮಿಂದ ಕೇಳುತ್ತಿಲ್ಲ. ಮುಂದಿನ ಸಲ ಪಂಕ್ ಬಗ್ಗೆ ಬರೆಸುವಾಗ ಈ ತಂಡಕ್ಕೆ ಅರ್ಧ ಪುಟ ಕೊಡಿ.

ಇದರ ಜೊತೆ ಒಂದು ಹಾಳೆಯ ಜೆರಾಕ್ಸ್ ಇಟ್ಟಿದ್ದೇನೆ. ಸಾಷಾ ಹಾಡಿನ ಮಾತುಗಳು, ಮೇಲಿನ ಮನೆಯ ಹುಡುಗನ ಕೈಬರಹದಲ್ಲಿ. ಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಇರುವ ಕನ್ನಡ ಅರ್ಥಗಳು ನಾನು ಆಗ ಬರೆದುಕೊಂಡವು. ಒಂದೆರಡು ತಪ್ಪಿವೆ, ತಿದ್ದಿಲ್ಲ. ಭಾನುವಾರದ ಆ ಬರಹ ಬರೆದವರಿಗೆ ಇದನ್ನು ತಲುಪಿಸಿ. ಮೊದಲು ಮಾತು ಓದಲಿ, ಆಮೇಲೆ ಹಾಡು ಹಾಕಲಿ.

ಇಂತಿ,
ಜರ್ಮನ್ ಹೇಳಿಕೊಡುವ ಒಬ್ಬ ಟೀಚರ್,
ಕದ್ರಿ, ಮಂಗಳೂರು